ಕಾಪಿಹೋಲ್ಡ್ ಮನೆಯ ಹಳೇ ಕೋರ್ಟ್ ರೋಲ್ ಹುಡುಕೋಕೆ ಕೌಂಟಿ ರೆಕಾರ್ಡ್ ಆಫೀಸ್ ಹೇಗಿದೆ: ನಮ್ಮ ಅನುಭವ

ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ. ಇದು ರೆಕಾರ್ಡ್ ಆಫೀಸಿಗೆ, ಅಂದ್ರೆ ಇಂಗ್ಲೆಂಡಲ್ಲಿ ಒಂದು ಕೌಂಟಿಯ (ಜಿಲ್ಲೆ ಥರ) ಹಳೇ ದಾಖಲೆ ಇಡೋ ಕಚೇರಿಗೆ ಕೊಡ್ತಿರೋದು, ಅದಕ್ಕಿಂತ ಮುಂಚೆ ನಾವು ದುಡ್ಡು ಕೊಟ್ಟು ಮಾಡಿಸಿದ "ಮನೆ ಇತಿಹಾಸ" ರಿಪೋರ್ಟಿಗಲ್ಲ, ಅದರ ಕಥೆ ಆಮೇಲೆ ಹೇಳ್ತೀನಿ.

ಪೂರ್ವ ಇಂಗ್ಲೆಂಡಿನ ಒಂದು ಹಳ್ಳೀಲಿ ನಾವು ಹಳೇ ಮನೆ ತಗೊಂಡ್ವಿ. ಕೀ ಕೊಡೋ ದಿನ ಸಾಲಿಸಿಟರ್ ಒಂದು ಕಂದು ಕವರ್ ಕೂಡ ಕೈಗಿಟ್ರು, ಮನೆ ಈಗ ಲ್ಯಾಂಡ್ ರಿಜಿಸ್ಟ್ರೀಲಿ ಇದೆ, ಈ ಹಳೇ ಪತ್ರಗಳಿಂದ ಕಾನೂನಿನ ಉಪಯೋಗ ಏನಿಲ್ಲ, ಇಷ್ಟ ಇದ್ರೆ ಇಟ್ಕೊಳ್ಳಿ ಅಂದ್ರು. ಒಳಗಡೆ ಮಡಚಿ ಮಡಚಿ ಗಟ್ಟಿಯಾಗಿದ್ದ ಒಂದು ಪಾರ್ಚ್‌ಮೆಂಟ್, ಅಂದ್ರೆ ಚರ್ಮದ ಹಾಳೆ. ಒಂದು ಬದಿ ನುಣುಪು, ಇನ್ನೊಂದು ಬದಿ ಸ್ವಲ್ಪ ಒರಟು, ಬೆಳಕಿಗೆ ಹಿಡಿದ್ರೆ ಕೂದಲು ಇದ್ದ ಜಾಗದ ಚುಕ್ಕಿಗಳು ಕಾಣ್ತಾವೆ. ಎಡಗಡೆ ಒಂದು ನೀಲಿ ಕಾಗದದ ತುಂಡನ್ನ ಸಣ್ಣ ಲೋಹದ ಪಟ್ಟಿ ಚುಚ್ಚಿ ಅಂಟಿಸಿದಾರೆ, ಅದರ ಮೇಲೆ ಉಬ್ಬಚ್ಚಿನ ಮುದ್ರೆ. ಅದು ಸ್ಟಾಂಪ್ ಡ್ಯೂಟಿ ಮುದ್ರೆಯಂತೆ, ಇಂಗ್ಲೆಂಡಲ್ಲಿ 1694ರಲ್ಲಿ ಶುರುವಾಗಿದ್ದು. ಕೆಳಗಡೆ ಸ್ಟೀವರ್ಡ್ ಸಹಿ. ಇದೇ "ಕಾಪಿ". ಕಾಪಿಹೋಲ್ಡ್ ಅನ್ನೋ ಹೆಸರು ಬಂದಿದ್ದೇ ಇದರಿಂದ, ಜಮೀನು ಇರೋನ ಹತ್ರ ಇರೋದು ನಕಲು ಮಾತ್ರ, ಅಸಲು ಮೇನರ್‌ನ ಲಾರ್ಡ್ ಹತ್ರ ಇರೋ ಕೋರ್ಟ್ ರೋಲಲ್ಲಿ. ಮೇನರ್ ಅಂದ್ರೆ ಒಬ್ಬ ಲಾರ್ಡ್ ಕೈಕೆಳಗಿನ ಜಮೀನುಗಳ ವ್ಯಾಪ್ತಿ, ಕೋರ್ಟ್ ರೋಲ್ ಅಂದ್ರೆ ಅದರದ್ದೇ ಕೋರ್ಟಿನ ದಾಖಲೆ.

ನಮ್ಮವರಿಗೆ ಅರ್ಥ ಆಗೋ ಥರ ಹೇಳ್ಬೇಕು ಅಂದ್ರೆ ಲಾರ್ಡ್ ಅಂದ್ರೆ ಧಣಿ, ಕಾಪಿಹೋಲ್ಡರ್ ಅಂದ್ರೆ ಒಕ್ಕಲು, ಸ್ಟೀವರ್ಡ್ ಅಂದ್ರೆ ಧಣಿ ಪರವಾಗಿ ಲೆಕ್ಕ ದಾಖಲೆ ನೋಡ್ಕೊಂಡು ಕೋರ್ಟ್ ನಡೆಸೋನು, ಹೆಚ್ಚಾಗಿ ಒಬ್ಬ ವಕೀಲ. ಕಾಗದದ ಮೇಲೆ ಜಮೀನು "ಲಾರ್ಡ್ ಇಚ್ಛೆಯಂತೆ, ಮೇನರ್‌ನ ಪದ್ಧತಿ ಪ್ರಕಾರ" ಹಿಡ್ಕೊಂಡಿರೋದು ಅಂತ ಬರೀತಾರೆ, ಆದ್ರೆ ಆ ಸಾಲಿನ ಎರಡನೇ ಅರ್ಧಾನೇ ದೊಡ್ಡದು. ಹದಿನಾರನೇ ಶತಮಾನದ ಹೊತ್ತಿಗೆ ರಾಜನ ಕೋರ್ಟುಗಳು ಕಾಪಿಹೋಲ್ಡರ್ ಪರ ನಿಲ್ಲೋಕೆ ಶುರು ಮಾಡಿದ್ವು, ಪದ್ಧತಿ ಪ್ರಕಾರ ನಡ್ಕೊಂಡಿರೋ ಒಕ್ಕಲನ್ನ ಲಾರ್ಡ್ ಸುಮ್ನೆ ಎಬ್ಬಿಸಂಗಿರಲಿಲ್ಲ. ಆದ್ರೆ ಮಾರೋದು ಮಾತ್ರ ಮಾಮೂಲಿ ಕ್ರಯಪತ್ರದಲ್ಲಿ ಆಗ್ತಿರಲಿಲ್ಲ, ಕೋರ್ಟ್ ಮೂಲಕಾನೇ ಆಗ್ಬೇಕು.

ಹೆಂಗೆ ಅಂದ್ರೆ, ಮಾರೋನು ಮೇನರ್ ಕೋರ್ಟಿಗೆ ಬಂದು ಒಂದು ಕೋಲನ್ನ ಸ್ಟೀವರ್ಡ್ ಕೈಗೆ ಕೊಡ್ತಾನೆ, ಅಂದ್ರೆ ಜಮೀನನ್ನ ಲಾರ್ಡ್‌ಗೆ ವಾಪಸ್ ಒಪ್ಪಿಸ್ದ ಅಂತ ಲೆಕ್ಕ, ಅದಕ್ಕೆ ಸರೆಂಡರ್ ಅಂತಾರೆ, ಆದ್ರೆ ಸುಮ್ನೆ ವಾಪಸ್ ಅಲ್ಲ, "ಇಂಥೋನ ಉಪಯೋಗಕ್ಕೆ" ಅಂತ ಕೊಳ್ಳೋನ ಹೆಸರು ಹೇಳಿ ಒಪ್ಪಿಸೋದು. ಆಮೇಲೆ ಸ್ಟೀವರ್ಡ್ ಅದೇ ಕೋಲನ್ನ ಕೊಳ್ಳೋನ ಕೈಗೆ ಕೊಟ್ಟು ಅವನನ್ನ ಅಡ್ಮಿಟ್ ಮಾಡ್ಕೋತಾನೆ, ಅಂದ್ರೆ ಹೊಸ ಒಕ್ಕಲು ಅಂತ ಒಪ್ಕೋತಾನೆ, ಅವನು ಫೈನ್ ಕಟ್ಟಿ ನಿಷ್ಠೆಯ ಪ್ರಮಾಣ ಮಾಡ್ಬೇಕು. ಈ ಫೈನ್ ಅಂದ್ರೆ ದಂಡ ಅಲ್ಲ, ಒಳಗೆ ಬರೋದಕ್ಕೆ ಕೊಡೋ ನಜರು ಕಾಣಿಕೆ. ಕೆಲವು ಮೇನರ್‌ಗಳಲ್ಲಿ ಅದರ ಮೊತ್ತ ಪದ್ಧತಿಯಿಂದಾನೇ ಗೊತ್ತಾಗಿರ್ತಿತ್ತು, ಗೊತ್ತಾಗಿಲ್ಲದ ಕಡೆ ಲಾರ್ಡ್ ಬಾಯಿಗೆ ಬಂದಷ್ಟು ಕೇಳಂಗಿಲ್ಲ, ಆ ಜಮೀನಿನ ಎರಡು ವರ್ಷದ ಆದಾಯಕ್ಕಿಂತ ಜಾಸ್ತಿ ನ್ಯಾಯ ಅಲ್ಲ ಅಂತ ಕೋರ್ಟುಗಳು ಮಿತಿ ಹಾಕಿದ್ವು. ಇಷ್ಟೆಲ್ಲಾ ಆದ್ಮೇಲೆ ರೋಲಲ್ಲಿ ಬರೆದು ಹೊಸ ಒಕ್ಕಲಿಗೆ ಅದರ ನಕಲು ಕೊಡೋರು. ನಮ್ಮ ಕವರ್‌ನಲ್ಲಿ ಇದ್ದಿದ್ದು ಅಂಥ ಒಂದು ನಕಲು, ಹದಿನೆಂಟನೇ ಶತಮಾನದ ನಡುವಿನದ್ದು, ಒಬ್ಬ ಗಾಲಿ ಮಾಡೋ ಬಡಗಿ ಮತ್ತು ಅವನ ಹೆಂಡ್ತಿ ಸೇರಿ ಒಬ್ಬ ಚಪ್ಪಲಿ ಹೊಲಿಯೋನಿಗೆ ನಮ್ಮ ಮನೆ ಮಾರಿದ್ದು.

ಅದನ್ನ ನೋಡಿ ನನಗೆ ಹಿಂದಿಂದೆಲ್ಲಾ ಗೊತ್ತಾಗ್ಬೇಕು ಅನ್ನಿಸ್ತು. ಮೊದ್ಲು ಸುಲಭದ ದಾರಿ ಹಿಡಿದ್ವಿ, ಮನೆ ಇತಿಹಾಸ ಬರ್ಕೊಡೋ ಒಂದು ಸೇವೆಗೆ 300 ಪೌಂಡ್ ಕೊಟ್ವಿ. ಹೆಸರು ಹೇಳಲ್ಲ. ಬಂದಿದ್ದು ಒಳ್ಳೇ ದಪ್ಪ ಕಾಗದ, ಬೈಂಡಿಂಗ್ ಎಲ್ಲಾ ಹಾಕಿದ ಇಪ್ಪತ್ತು ಪುಟದ ರಿಪೋರ್ಟು, ಅದರಲ್ಲಿ ಹನ್ನೆರಡು ಪುಟ ಇಂಗ್ಲೆಂಡಿನ ಸಾಮಾನ್ಯ ಇತಿಹಾಸ, ನಮ್ಮ ಮನೆ ಬಗ್ಗೆ ಇದ್ದಿದ್ದು ಮೂರೋ ನಾಲ್ಕೋ ಪುಟ. ಆ ಮೂರು ನಾಲ್ಕರಲ್ಲೂ ಎರಡು ದೊಡ್ಡ ತಪ್ಪು. ಒಂದು, ಬಡಗಿಯ ಅಪ್ಪ ಅಕ್ಟೋಬರ್‌ನಲ್ಲಿ ತೀರ್ಕೊಂಡ, ಆದ್ರೆ ಮಗ ಅದೇ ವರ್ಷದ ಫೆಬ್ರವರೀಲೇ ಅಪ್ಪನ ಆಸ್ತಿಗೆ ಅಡ್ಮಿಟ್ ಆದ ಅಂತ ಬರೆದಿದ್ರು. ಅಪ್ಪ ಬದುಕಿರೋವಾಗ್ಲೇ ಉತ್ತರಾಧಿಕಾರ ಹೆಂಗೆ? ಎರಡು, ಆಸ್ತಿ ಕಿರಿಯ ಮಗನಿಗೆ ಹೋಗಿದೆ ಅಂದ್ಮೇಲೆ ಹಿರಿಯ ಮಗ ಅಷ್ಟೊತ್ತಿಗೆ ಸತ್ತಿರಬೇಕು ಅಂತ ತೀರ್ಮಾನ ಮಾಡಿದ್ರು. ಕೇಳಿದ್ದಕ್ಕೆ ಮೂಲದಲ್ಲಿ ಹಾಗೇ ಇದೆ ಅಂತ ಒಂದು ಸಾಲಿನ ಮೇಲ್ ಬಂತು, ಅಷ್ಟೆ. ನನಗೆ ದುಡ್ಡಿಗಿಂತ ಹೆಚ್ಚು ಬೇಜಾರಾಗಿದ್ದು, ಬದುಕಿದ್ದ ಒಬ್ಬ ಮನುಷ್ಯನನ್ನ ಊಹೆ ಮೇಲೆ ಸಾಯಿಸಿಬಿಟ್ಟಿದ್ರಲ್ಲ ಅನ್ನೋದು.

ಆವಾಗ ನಾನೇ ಹೋಗಿ ನೋಡೋಣ ಅಂತ ಶುರು ಮಾಡ್ದೆ. ಮೊದಲ ಹೆಜ್ಜೆ ಮೇನೋರಿಯಲ್ ಡಾಕ್ಯುಮೆಂಟ್ಸ್ ರಿಜಿಸ್ಟರ್. ಇದನ್ನ ಲಂಡನ್ನಿನ ಕ್ಯೂ ಅನ್ನೋ ಜಾಗದಲ್ಲಿರೋ ನ್ಯಾಷನಲ್ ಆರ್ಕೈವ್ಸ್, ಅಂದ್ರೆ ದೇಶದ ದಾಖಲೆ ಭಂಡಾರ, ನೋಡ್ಕೊಳ್ಳುತ್ತೆ, ಆನ್‌ಲೈನಲ್ಲಿ ಫ್ರೀ. 1922ರ ಲಾ ಆಫ್ ಪ್ರಾಪರ್ಟಿ ಆಕ್ಟ್ ಕಾಪಿಹೋಲ್ಡ್ ಅನ್ನೋದನ್ನೇ ತೆಗೆದುಹಾಕ್ತು, ಅದು ಜಾರಿಗೆ ಬಂದಿದ್ದು 1926 ಜನವರಿ 1ಕ್ಕೆ. ಆದ್ರೆ ಲಕ್ಷಾಂತರ ಜನರ ಜಮೀನಿನ ಹಕ್ಕಿನ ಸಾಕ್ಷಿ ಇದ್ದಿದ್ದು ಲಾರ್ಡ್‌ಗಳ ಮತ್ತೆ ಸ್ಟೀವರ್ಡ್‌ಗಳ ಕಪಾಟಲ್ಲಿ, ಇನ್ನು ಬೇಡ ಅಂತ ಅವರು ಎಸೆದುಬಿಟ್ರೆ ಮುಗೀತಲ್ಲ, ಅದಕ್ಕೆ ಮೇನರ್ ದಾಖಲೆಗಳನ್ನೆಲ್ಲಾ ಮಾಸ್ಟರ್ ಆಫ್ ದ ರೋಲ್ಸ್ ಅನ್ನೋ ದೊಡ್ಡ ನ್ಯಾಯಾಧೀಶರ ಮೇಲ್ವಿಚಾರಣೆಗೆ ತಂದು ಯಾವ ರೋಲ್ ಎಲ್ಲಿದೆ ಅಂತ ಈ ರಿಜಿಸ್ಟರ್ ಶುರು ಮಾಡಿದ್ರು. ಇಂಥ ಮುಂದಾಲೋಚನೆ ಮಾಡಿದವರಿಗೆ ಕೈ ಮುಗೀಬೇಕು. ಒಂದು ವಿಷ್ಯ ಗಮನದಲ್ಲಿರಲಿ, ಇಲ್ಲಿ ದಾಖಲೆಯ ಫೋಟೋ ಸಿಗಲ್ಲ, ಯಾವ ಮೇನರ್‌ನ ಯಾವ ವರ್ಷದ ರೋಲ್ ಯಾವ ಆಫೀಸಲ್ಲಿದೆ ಅನ್ನೋ ಪಟ್ಟಿ ಮಾತ್ರ. ಮತ್ತೆ ಹುಡುಕೋವಾಗ ಹಳ್ಳಿ ಹೆಸರು ಹಾಕಿದ್ರೆ ಸಾಲಲ್ಲ, ಯಾಕಂದ್ರೆ ಒಂದು ಪ್ಯಾರಿಷ್‌ನಲ್ಲಿ, ಅಂದ್ರೆ ಒಂದು ಚರ್ಚಿಗೆ ಸೇರಿದ ಪ್ರದೇಶದಲ್ಲಿ, ಎರಡು ಮೂರು ಮೇನರ್ ಇರ್ಬಹುದು, ಒಂದು ಮೇನರ್ ನಾಲ್ಕು ಪ್ಯಾರಿಷ್‌ಗೆ ಹರಡಿರಲೂಬಹುದು. ನಾನು ಮೊದಲ ಸಲ ಹಳ್ಳಿ ಹೆಸರಿನ ಮೇನರ್‌ದೇ ಇರ್ಬೇಕು ಅಂತ ಒಂದು ವಾರ ಅದರ ಹಿಂದೆ ಬಿದ್ದೆ. ಆಮೇಲೆ ನೋಡಿದ್ರೆ ನಮ್ಮ ಕಾಪಿಯ ತಲೇಲೇ ಮೇನರ್ ಹೆಸರು ಸ್ಪಷ್ಟವಾಗಿ ಇತ್ತು, ಅದು ಬೇರೇನೇ. ನಿಮ್ಮ ಹತ್ರ ಕಾಪಿ ಇದ್ರೆ ಮೊದ್ಲು ಆ ಮೇಲಿನ ಸಾಲು ಓದಿ.

ನಮ್ಮ ಮೇನರ್‌ನ ರೋಲುಗಳು ಕೌಂಟಿ ರೆಕಾರ್ಡ್ ಆಫೀಸಲ್ಲಿ ಇವೆ ಅಂತ ಗೊತ್ತಾಯ್ತು. ರೀಡರ್ ಕಾರ್ಡ್ ಮಾಡಿಸ್ಬೇಕು, ಗುರುತಿನ ಚೀಟಿ ಮತ್ತೆ ವಿಳಾಸದ ಪ್ರೂಫ್ ತಗೊಂಡು ಹೋಗಿ, ದುಡ್ಡು ಇಲ್ಲ. ಬ್ಯಾಗ್, ಕೋಟು, ನೀರಿನ ಬಾಟಲಿ ಎಲ್ಲಾ ಲಾಕರ್‌ಗೆ, ಪೆನ್ ಒಳಗೆ ತರಂಗಿಲ್ಲ, ಪೆನ್ಸಿಲ್ ಮಾತ್ರ. ಬೇಕಾದ ರೋಲ್ ನಂಬರನ್ನ ಮುಂಚೆನೇ ಮೇಲ್ ಮಾಡಿ ಹೇಳಿದ್ರೆ ನಾವು ಹೋಗೋಷ್ಟರಲ್ಲಿ ತೆಗೆದಿಟ್ಟಿರ್ತಾರೆ, ನಮಗೆ ಇಟ್ಟಿದ್ರು.

ನಾನು ಹೋದ ದಿನ ಡೆಸ್ಕ್‌ನಲ್ಲಿದ್ದ ಆರ್ಕೈವಿಸ್ಟ್, ಅಂದ್ರೆ ಹಳೇ ದಾಖಲೆ ನೋಡ್ಕೊಳ್ಳೋರು, ಒಬ್ಬ ವಯಸ್ಸಾದ ಮಹಿಳೆ. ಅವರ ಬಗ್ಗೆ ಎಷ್ಟು ಹೇಳಿದ್ರೂ ಸಾಲ್ದು. ದೊಡ್ಡ ಕೋರ್ಟ್ ಬುಕ್ಕನ್ನ (ರೋಲನ್ನೇ ಸುರುಳಿ ಬದಲು ಪುಸ್ತಕದಲ್ಲಿ ಬರೆದಿದ್ದು) ಫೋಮ್ ದಿಂಬಿನ ಮೇಲೆ ಮಲಗಿಸಿ, ಪುಟ ಮಡಚ್ಕೊಳ್ಳದ ಹಾಗೆ ಮಣಿ ತುಂಬಿದ ಬಟ್ಟೆ ಹಗ್ಗ ಇಟ್ಟು, ಮೊದ್ಲು ಅಂಚು ನೋಡಿ ಅಂದ್ರು. ಪ್ರತಿ ನಮೂದಿನ ಪಕ್ಕ ಅಂಚಿನಲ್ಲಿ ಯಾರಿಂದ ಯಾರಿಗೆ, ಸರೆಂಡರೋ ಅಡ್ಮಿಷನ್ನೋ, ಫೈನ್ ಎಷ್ಟು ಅಂತ ಚಿಕ್ಕದಾಗಿ ಇರುತ್ತೆ, ಅದನ್ನ ಮಾತ್ರ ನೋಡ್ಕೊಂಡು ಹೋದ್ರೆ ಒಂದು ಶತಮಾನದ ಪುಸ್ತಕಾನ ಒಂದು ಬೆಳಗ್ಗೆಲಿ ದಾಟಬಹುದು. ಆಮೇಲೆ ಅವರು ಹೇಳ್ಕೊಟ್ಟ ಇನ್ನೊಂದು ವಿಷ್ಯ ನನಗೆ 300 ಪೌಂಡಿಗಿಂತ ಹೆಚ್ಚು ಬೆಲೆಬಾಳ್ತು. ಪ್ರತಿ ಅಡ್ಮಿಷನ್ ಕೊನೇಲಿ "ಈ ಆಸ್ತಿಗೆ ಈಗ ಮಾರ್ತಿರೋನು ಇಂಥ ವರ್ಷದ ಇಂಥ ದಿನದ ಕೋರ್ಟಲ್ಲಿ ಇಂಥೋನ ಸರೆಂಡರ್ ಮೇಲೆ ಅಡ್ಮಿಟ್ ಆಗಿದ್ದ" ಅಂತ ಹಿಂದಿನ ನಮೂದನ್ನ ಹೇಳಿರ್ತಾರೆ. ಆ ತಾರೀಖಿಗೆ ಹೋದ್ರೆ ಅಲ್ಲಿ ಅದರ ಹಿಂದಿಂದು. ಕೊಂಡಿಗೆ ಕೊಂಡಿ ಹಾಕ್ಕೊಂಡು ಹೋಗೋ ಸರಪಳಿ ಥರ. ಮಧ್ಯಾಹ್ನದೊಳಗೆ ನಾನು ಚಪ್ಪಲಿ ಹೊಲಿಯೋನಿಂದ ಬಡಗಿಗೆ, ಬಡಗಿಯಿಂದ ಅವನ ಅಪ್ಪನಿಗೆ, ಅಪ್ಪನಿಂದ ಒಬ್ಬ ವಿಧವೆಗೆ ತಲುಪಿದ್ದೆ. ಸರ್ಕಾರಿ ರಿಜಿಸ್ಟ್ರೇಷನ್ ಅನ್ನೋದು ಈ ಕೌಂಟೀಲಿ ಹುಟ್ಟೋಕೆ ಎಷ್ಟೋ ಮುಂಚೆ ಒಂದು ಸಣ್ಣ ಮನೆಯ ಕೈ ಬದಲಾವಣೆ ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟಿದಾರೆ ಅಂದ್ರೆ ಆಶ್ಚರ್ಯ ಆಗುತ್ತೆ. ಸ್ವಂತ ಹಕ್ಕಿನ ಫ್ರೀಹೋಲ್ಡ್ ಮನೆಗಳವರ ಪತ್ರ ಕಳೆದ್ರೆ ಹೆಚ್ಚಿನ ಕಡೆ ಅಲ್ಲಿಗೆ ಮುಗೀತು, ಇಲ್ಲಿ ಒಕ್ಕಲು ಕಾಪಿ ಕಳ್ಕೊಂಡ್ರೂ ರೋಲ್ ಇದೆ.

1733ರಿಂದ ಈಚೆಗೆ ರೋಲುಗಳು ಇಂಗ್ಲಿಷಲ್ಲಿವೆ, ಅದಕ್ಕೆ ಮುಂಚೆ ಲ್ಯಾಟಿನ್, ನಡುವೆ ರಾಜ ಇಲ್ಲದೇ ಇದ್ದ ಕಾಲದಲ್ಲಿ, 1651ರಿಂದ 1660ರವರೆಗೆ, ಸ್ವಲ್ಪ ಇಂಗ್ಲಿಷ್. ಲ್ಯಾಟಿನ್ ಅಂದ ತಕ್ಷಣ ಹೆದರ್ಕೋಬೇಡಿ, ಅದೇ ಅದೇ ಮಾತು ಮತ್ತೆ ಮತ್ತೆ ಬರುತ್ತೆ. "ಆಡ್ ಹಾಂಕ್ ಕುರಿಯಾಮ್ ವೇನಿಟ್" ಅಂದ್ರೆ ಈ ಕೋರ್ಟಿಗೆ ಬಂದ. "ಸುರ್ಸುಮ್ ರೆಡ್ಡಿಡಿಟ್" ಅಂದ್ರೆ ಸರೆಂಡರ್ ಮಾಡ್ದ. "ಪೆರ್ ವಿರ್ಗಾಮ್" ಅಂದ್ರೆ ಕೋಲಿನ ಮೂಲಕ. ಇಷ್ಟು ಗೊತ್ತಾದ್ರೆ ನಮೂದು ಎಲ್ಲಿ ಶುರು ಎಲ್ಲಿ ಮುಗೀತು ಅಂತ ಕಣ್ಣು ತಾನೇ ಹಿಡಿಯುತ್ತೆ. ನ್ಯಾಷನಲ್ ಆರ್ಕೈವ್ಸ್‌ನ ಹಳೇ ಕೈಬರಹ ಓದೋ ಪಾಠ, ಲ್ಯಾಟಿನ್ ಪಾಠ ಎರಡೂ ಆನ್‌ಲೈನಲ್ಲಿ ಪುಕ್ಕಟೆ ಇವೆ, ನಾನು ರಾತ್ರಿ ಊಟ ಆದ್ಮೇಲೆ ಒಂದೊಂದು ಪಾಠ ಮಾಡ್ಕೊಂಡು ಮೂರು ವಾರ ಕಳೆದು ಎರಡನೇ ಸಲ ಹೋದೆ.

ಎರಡನೇ ಸಲಾನೇ ಆ ರಿಪೋರ್ಟಿನ ತಪ್ಪುಗಳು ಬಿಚ್ಕೊಂಡಿದ್ದು. ಫೆಬ್ರವರಿ ಅಕ್ಟೋಬರ್ ಗೊಂದಲ ಆರ್ಕೈವಿಸ್ಟ್‌ಗೆ ತೋರಿಸಿದ ಕೂಡ್ಲೇ ಅವರು ನಕ್ಕು ವಿವರಿಸಿದ್ರು. 1752ಕ್ಕೆ ಮುಂಚೆ ಇಂಗ್ಲೆಂಡಲ್ಲಿ ಕಾನೂನಿನ ಹೊಸ ವರ್ಷ ಶುರುವಾಗ್ತಿದ್ದಿದ್ದು ಮಾರ್ಚ್ 25ಕ್ಕೆ, ಹಂಗಾಗಿ ಅವರು ಫೆಬ್ರವರಿ 1720 ಅಂತ ಬರೆದ್ರೆ ನಮ್ಮ ಲೆಕ್ಕಕ್ಕೆ ಅದು ಫೆಬ್ರವರಿ 1721. ಅಪ್ಪ ಅಕ್ಟೋಬರ್‌ನಲ್ಲಿ ತೀರ್ಕೊಂಡ, ನಾಲ್ಕು ತಿಂಗಳು ಬಿಟ್ಟು ನಡೆದ ಕೋರ್ಟಲ್ಲಿ ಮಗ ಬಂದ, ಎಲ್ಲಾ ಸರಿಯಾಗೇ ಇದೆ.

ಕಿರಿಯ ಮಗನ ವಿಷ್ಯ ಇನ್ನೂ ಚೆನ್ನಾಗಿದೆ. ಕೆಲವು ಮೇನರ್‌ಗಳಲ್ಲಿ ಆಸ್ತಿ ಹಿರಿಯ ಮಗನಿಗಲ್ಲ, ಕಿರಿಯವನಿಗೆ ಹೋಗೋ ಪದ್ಧತಿ ಇತ್ತು, ಅದಕ್ಕೆ ಬರೋ ಇಂಗ್ಲಿಷ್ ಅಂತ ಹೆಸರು. ನಮ್ಮ ಮೇನರ್ ಅಂಥದ್ದೇ, ನಮೂದಲ್ಲಿ "ಮೇನರ್‌ನ ಪದ್ಧತಿ ಪ್ರಕಾರ ಕಿರಿಯ ಮಗ ಮತ್ತು ವಾರಸುದಾರ" ಅಂತ ನೇರವಾಗಿ ಬರೆದಿದೆ. ರಿಪೋರ್ಟ್ ಬರೆದವರು ಆ ಲ್ಯಾಟಿನ್ ಸಾಲು ದಾಟ್ಕೊಂಡು ಹೋಗಿದಾರೆ. ಹಾಗಾದ್ರೆ ಅಣ್ಣ? ಪ್ರತಿ ಕೋರ್ಟಿನ ಶುರೂನಲ್ಲಿ ಹೋಮೇಜ್ ಅಂತ ಒಂದು ಪಟ್ಟಿ ಇರುತ್ತೆ, ಅವತ್ತು ಪ್ರಮಾಣ ಮಾಡಿ ಕೂತ ಒಕ್ಕಲುಗಳ ಹೆಸರು, ಯಾರು ಸತ್ತರು, ಯಾರ ಜಮೀನು ಯಾರಿಗೆ ಹೋಗ್ಬೇಕು ಅಂತ ಹೇಳೋರು ಇವರೇ. ತಮ್ಮನನ್ನ ಅಡ್ಮಿಟ್ ಮಾಡ್ಕೊಂಡ ಅದೇ ಕೋರ್ಟಿನ ಹೋಮೇಜ್ ಪಟ್ಟೀಲಿ ಮೂರನೇ ಹೆಸರು ಆ ಅಣ್ಣಂದು. ಅಲ್ಲೇ ಕೂತು, ಅಪ್ಪ ತೀರ್ಕೊಂಡ, ಮನೆ ತಮ್ಮನಿಗೆ ಅಂತ ಅವನೇ ಪ್ರಮಾಣ ಮಾಡಿ ಹೇಳಿದಾನೆ! ಅವನಿಗೆ ಬೇರೆ ಕಡೆ ಸ್ವಂತ ಕಾಪಿಹೋಲ್ಡ್ ಇತ್ತು ಅಂತ ಮುಂದಿನ ಪುಟಗಳಲ್ಲಿ ಸಿಕ್ತು. ಆ ಹೆಸರಿನ ಮೇಲೆ ಬೆರಳು ತಾಗಿಸದೆ ಎಷ್ಟೋ ಹೊತ್ತು ನೋಡ್ತಾ ಕೂತಿದ್ದೆ.

ಅದೇ ಅಡ್ಮಿಷನ್‌ನಲ್ಲಿ ಹೇರಿಯಟ್ ಅಂತಾನೂ ಬರುತ್ತೆ, ಒಕ್ಕಲು ಸತ್ತಾಗ ಅವನ ಮನೇಲಿರೋ ಒಳ್ಳೇ ದನ ಅಥವಾ ಒಳ್ಳೇ ಸಾಮಾನು ಲಾರ್ಡ್‌ಗೆ ಸೇರ್ಬೇಕು ಅನ್ನೋ ಪದ್ಧತಿ. ಬಡಗಿಯ ಅಪ್ಪ ಸತ್ತಾಗ ಒಂದು ಹಸು ಹೋಗಿದೆ. ಯಜಮಾನ ಹೋದ ಮನೆಯಿಂದ ಹಸೂನೂ ಹೊಡ್ಕೊಂಡು ಹೋಗೋದು ಅಂದ್ರೆ, ಓದ್ತಾ ಹೊಟ್ಟೆ ಉರೀತು. ವಾರಸುದಾರ ಬರದೇ ಇದ್ರೆ ಮೂರು ಕೋರ್ಟಲ್ಲಿ ಕೂಗಿ ಕರೆದು, ಆಮೇಲೂ ಬರ್ಲಿಲ್ಲ ಅಂದ್ರೆ ಲಾರ್ಡ್ ಜಮೀನನ್ನ ಕೈಗೆ ತಗೋಬಹುದಿತ್ತು.

ನಾನು ಅತಿ ಹೆಚ್ಚು ನೆನಪಿಟ್ಕೊಂಡಿರೋದು ಮಾತ್ರ ಬಡಗಿಯ ಹೆಂಡ್ತೀನ. ನಮ್ಮ ಕಾಪಿಯಲ್ಲಿ ಅವಳ ಹೆಸರಿನ ಮುಂದೆ ಒಂದು ಮಾತು ಇದೆ, ಸ್ಟೀವರ್ಡ್ ಅವಳನ್ನ ಗಂಡನಿಂದ ದೂರ, ಒಬ್ಬಳನ್ನೇ ಗುಟ್ಟಾಗಿ ಕೇಳಿ, ಅವಳು ಸ್ವಂತ ಮನಸ್ಸಿಂದ ಒಪ್ಪಿದಾಳೆ ಅಂತ. ಮದುವೆಯಾದ ಹೆಂಗಸಿನ ಹಕ್ಕು ಸೇರಿರೋ ಜಮೀನು ಮಾರೋವಾಗ ಹೀಗೆ ಬೇರೆಯಾಗಿ ವಿಚಾರಿಸ್ಬೇಕು ಅನ್ನೋದು ನಿಯಮ. ಇದನ್ನ ಆರ್ಕೈವಿಸ್ಟ್‌ಗೆ ಹೇಳಿದಾಗ ಅವರು ಸ್ವಲ್ಪ ಯೋಚಿಸಿ, ಕೋರ್ಟ್ ಬುಕ್ ಬಿಟ್ಟು ಬಿಡಿ ಕಾಗದಗಳ ಒಂದು ಡಬ್ಬಿ ಇದೆ, ಅದನ್ನೂ ತರಿಸಿ ನೋಡೋಣ ಅಂದ್ರು. ಕೋರ್ಟ್ ದಿನ ಬರೋಕಾಗದವರು ಕೋರ್ಟಿನ ಹೊರಗೇ ಸರೆಂಡರ್ ಮಾಡ್ಬಹುದಿತ್ತು, ಆ ಚೀಟಿಗಳನ್ನ ಆಮೇಲೆ ಮುಂದಿನ ಕೋರ್ಟಲ್ಲಿ ಓದಿ ದಾಖಲು ಮಾಡೋರು. ಡಬ್ಬಿ ತಳದಲ್ಲಿ ನಮ್ಮ ಮನೆಯ ಚೀಟಿ ಸಿಕ್ತು. ಗಂಡನ ಸಹಿ ಇದೆ, ಅವಳಿಗೆ ಬರೆಯೋಕೆ ಬರ್ತಿರಲಿಲ್ಲ, ಒಂದು ಅಡ್ಡ ಗೀಟು ಒಂದು ಉದ್ದ ಗೀಟು ಎಳೆದಿದಾಳೆ, ಸುತ್ತ ಗುಮಾಸ್ತ "ಇದು ಅವಳ ಗುರುತು" ಅಂತ ಬರೆದಿದಾನೆ. ಉದ್ದ ಗೀಟಿನ ತುದೀಲಿ ಮಸಿ ಹನಿ ಬಿದ್ದು ಹರಡಿದೆ, ಗರಿ ಲೇಖನಿ ಒತ್ತಿ ಹಿಡಿದಿದ್ದಾಳೆ ಅನ್ಸುತ್ತೆ. ಆ ಚೀಟಿ ಯಾವ ಕ್ಯಾಟಲಾಗ್‌ನಲ್ಲೂ ಹೆಸರು ಹಾಕಿ ಇಲ್ಲ, "ಸರೆಂಡರ್‌ಗಳು, ಒಂದು ಕಟ್ಟು" ಅಂತ ಅಷ್ಟೇ ಇರೋದು. ಆ ಒಬ್ಬ ಆರ್ಕೈವಿಸ್ಟ್ ಹೇಳದೇ ಇದ್ದಿದ್ರೆ ನನಗೆ ಅದು ಸಿಗ್ತಿರಲಿಲ್ಲ.

ಕೊರತೆ ಅಂದ್ರೆ, ನಾನು ಹೋಗೋ ಆಫೀಸ್ ವಾರಕ್ಕೆ ಮೂರೇ ದಿನ ತೆಗೆದಿರುತ್ತೆ, ಮಧ್ಯಾಹ್ನ ಊಟದ ಹೊತ್ತಲ್ಲಿ ದಾಖಲೆ ತಂದ್ಕೊಡಲ್ಲ, ಕೆಲಸಕ್ಕೆ ಹೋಗೋರು ರಜೆ ಹಾಕ್ಲೇಬೇಕು. ಫೋನಲ್ಲಿ ಫೋಟೋ ತೆಗೆಯೋಕೆ ದಿನಕ್ಕೆ ಬೇರೆ ಚಾರ್ಜ್ ಇದೆ, ಅದು ಕೊಟ್ರೆ ತಪ್ಪಿಲ್ಲ, ಮನೇಲಿ ಕೂತು ನಿಧಾನಕ್ಕೆ ಓದ್ಬಹುದು. ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಈ ಸಮಯದ ವಿಷ್ಯಕ್ಕೆ ಮಾತ್ರ. ಅಲ್ಲಿ ಕೆಲಸ ಮಾಡೋರದ್ದೇನೂ ತಪ್ಪಿಲ್ಲ, ಇಬ್ಬರು ಮಾಡೋ ಕೆಲಸ ಒಬ್ಬರು ಮಾಡ್ತಿದಾರೆ.

ಇನ್ನೊಂದು ತೊಂದರೆ ಆಫೀಸಿಂದಲ್ಲ, ರೋಲಿಂದು. ಜಾಗದ ವಿವರಣೆ. "ಒಂದು ಮನೆ ಹಿತ್ತಲು, ಪೂರ್ವಕ್ಕೆ ರಾಜಬೀದಿ, ಪಶ್ಚಿಮಕ್ಕೆ ಇಂಥೋನ ಜಮೀನು" ಅಂತ ಒಂದು ಸಲ ಬರೆದ ಚಕ್ಕುಬಂದಿಯನ್ನೇ ನೂರು ವರ್ಷ ಹಾಗೇ ನಕಲು ಮಾಡ್ಕೊಂಡು ಬಂದಿದಾರೆ, ಪಶ್ಚಿಮದ ಆ ಪುಣ್ಯಾತ್ಮ ಸತ್ತು ಮೂರು ತಲೆಮಾರು ಆದ್ರೂ ಅವನ ಹೆಸರೇ ಇದೆ. ಹೀಗಾಗಿ ರೋಲ್ ಒಂದನ್ನೇ ಇಟ್ಕೊಂಡು ಇದು ನಮ್ಮ ಮನೇನೇ ಅಂತ ಖಾತ್ರಿ ಮಾಡ್ಕೊಳ್ಳೋದು ಕಷ್ಟ. 1836ರ ಟೈದ್ (ಚರ್ಚಿಗೆ ಕೊಡೋ ಬೆಳೆಯ ಹತ್ತನೇ ಪಾಲು) ಕಾಯ್ದೆ ಆದ್ಮೇಲೆ ಮಾಡಿದ ಟೈದ್ ಮ್ಯಾಪ್‌ನಲ್ಲಿ ಜಾಗ ಜಾಗಕ್ಕೂ ನಂಬರ್ ಇದೆ, ಅದರ ಜೊತೆಗಿರೋ ಪಟ್ಟೀಲಿ ಯಜಮಾನನ ಹೆಸರಿದೆ, ಆ ಹೆಸರನ್ನ ಕೋರ್ಟ್ ಬುಕ್ಕಿನ ಹೆಸರಿಗೆ ಹೊಂದಿಸಿ ನಾನು ಖಾತ್ರಿ ಮಾಡ್ಕೊಂಡೆ. 1841ರಿಂದ ಈಚೆಗಿನ ಕಾಯ್ದೆಗಳ ಕೆಳಗೆ ದುಡ್ಡು ಕಟ್ಟಿ ಕಾಪಿಹೋಲ್ಡನ್ನ ಫ್ರೀಹೋಲ್ಡ್ ಮಾಡಿಸ್ಕೊಂಡವರ ಪತ್ರಗಳು ಕ್ಯೂನಲ್ಲಿ ಎಂಎಎಫ್ 9 ಅನ್ನೋ ಸರಣೀಲಿವೆ, ಕೆಲವಕ್ಕೆ ನಕ್ಷೇನೂ ಇರುತ್ತೆ. ನಮ್ಮ ಮನೆಯವರು ಅದನ್ನ ಮಾಡಿಸಿಲ್ಲ, ಕೋರ್ಟ್ ಬುಕ್ಕಿನ ಕೊನೇ ಪುಟಗಳವರೆಗೂ ಕಾಪಿಹೋಲ್ಡ್ ಆಗೇ ಇತ್ತು.

ಒಂದಿಬ್ಬರು ಸ್ನೇಹಿತರು ಹೆದರಿಸಿದ್ರು, ಹಳೇದು ಕೆದಕಿದ್ರೆ ಲಾರ್ಡ್ ಬಂದು ಹಕ್ಕು ಕೇಳ್ತಾನೆ ಅಂತ. ಹಾಗೆಲ್ಲಾ ಆಗಲ್ಲ. ನೆಲದಡಿಯ ಖನಿಜದಂಥ ಕೆಲವು ಹಕ್ಕುಗಳು 1926 ಆದ್ಮೇಲೂ ಲಾರ್ಡ್ ಹತ್ರ ಉಳಿದಿದ್ವು ಅನ್ನೋದು ನಿಜ, ಆದ್ರೆ ಲ್ಯಾಂಡ್ ರಿಜಿಸ್ಟ್ರಿಯ ದಾಖಲೇಲಿ ನೋಟಿಸ್ ಹಾಕಿಸದೇ ಇದ್ದ ಮೇನರ್ ಹಕ್ಕು, 2013 ಅಕ್ಟೋಬರ್ 13ರಿಂದ ಈಚೆಗೆ ಆ ಮನೆ ದುಡ್ಡಿಗೆ ಮಾರಾಟವಾಗಿ ರಿಜಿಸ್ಟರ್ ಆದ್ರೆ, ಕೊಂಡವರ ಮೇಲೆ ನಡೆಯಲ್ಲ. ನಮ್ಮ ಟೈಟಲ್ ರಿಜಿಸ್ಟರ್‌ನಲ್ಲಿ ಅಂಥ ನೋಟಿಸ್ ಇಲ್ಲ ಅಂತ ಸಾಲಿಸಿಟರ್ ತೋರಿಸಿದ್ರು. ನಿಮ್ಮ ಮನೇದು ನೀವೂ ಒಂದ್ಸಲ ತೆಗೆದು ನೋಡಿ.

ಹೋಗೋರು ಮೊದ್ಲು ಕಾಪಿಯ ಫೋಟೋ ತೆಗೆದು ಮೇಲ್‌ನಲ್ಲಿ ಕಳ್ಸಿ, ಮೇನರ್ ಹೆಸರು ಮತ್ತೆ ತಾರೀಖು ಹೇಳಿ, ಕೋರ್ಟ್ ಬುಕ್ ಜೊತೆ "ಸರೆಂಡರ್ ಕಟ್ಟು ಇದ್ರೆ ಅದೂ ಬೇಕು" ಅಂತ ತಪ್ಪದೇ ಕೇಳಿ. ಬೆಚ್ಚನೆ ಬಟ್ಟೆ ಹಾಕ್ಕೊಳ್ಳಿ, ದಾಖಲೆ ಕೆಡಬಾರದು ಅಂತ ಒಳಗೆ ತಣ್ಣಗೆ ಇಟ್ಟಿರ್ತಾರೆ. ನಾನು ಮುಂದಿನ ತಿಂಗಳು ಮತ್ತೆ ಹೋಗ್ತಿದೀನಿ, ಆ ವಿಧವೆಗೆ ಮನೆ ಎಲ್ಲಿಂದ ಬಂತು ಅನ್ನೋದು ಇನ್ನೂ ಹಳೇ ರೋಲಲ್ಲಿದೆ, ಪುಸ್ತಕ ಅಲ್ಲ ಅದು, ಚರ್ಮದ ಹಾಳೆಗಳನ್ನ ತಲೆ ಕಡೆ ಸೇರಿಸಿ ಹೊಲಿದ ಸುರುಳಿ, ಬಿಡಿಸೋಕೆ ಇಡೀ ಟೇಬಲ್ ಬೇಕು, ಅದಕ್ಕೆ ಕಿಟಕಿ ಪಕ್ಕದ ದೊಡ್ಡ ಟೇಬಲ್ ಈಗ್ಲೇ ಬುಕ್ ಮಾಡಿಟ್ಟಿದೀನಿ.